ಕಡಲಾಳಕ್ಕಿಳಿದ ತಂತಿ

ಸಮುದ್ರವನ್ನು ರತ್ನಾಕರವೆಂದು ಕರೆದವರು ಅದರ ತಳವನ್ನು ಕಂಡವರಲ್ಲ. ಅಲೆಗಳು ತಾವಾಗಿ ತಂದು ದಡಕ್ಕೆ ಚೆಲ್ಲಿದ ಶಂಖಗಳನ್ನೂ, ಒಂದೇ ಉಸಿರಿನಲ್ಲಿ ಮುಳುಗಿ ಮೇಲೆದ್ದವರು ಕೈಯಲ್ಲಿ ಹಿಡಿದು ತಂದ ಮುತ್ತಿನ ಚಿಪ್ಪುಗಳನ್ನೂ ನೋಡಿ, ಅಂಚಿನಲ್ಲಿಯೇ ಇಷ್ಟಿದ್ದರೆ ಒಡಲಿನಲ್ಲಿ ಎಷ್ಟಿರಬೇಡವೆಂದು ಊಹಿಸಿ ಅವರು ಆ ಹೆಸರನ್ನಿಟ್ಟರು. ಆ ಒಡಲನ್ನು ಮನುಷ್ಯನು ಕಣ್ಣಾರೆ ಕಾಣುವುದಕ್ಕೆ ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಆಳಗಡಲಿನ ಯಾತ್ರೆಗಳ ಕಥೆಯನ್ನು ಹೇಳುವಾಗ ಕೀರ್ತಿಯನ್ನು ಎರಡು ಪಾಲು ಮಾಡಿ ಹಂಚುವುದು ವಾಡಿಕೆ. ಒಂದು ಪಾಲು ಒಳಗೆ ಕುಳಿತು ಇಳಿದ ಸಾಹಸಿಗಳಿಗೆ. ಇನ್ನೊಂದು ಅವರನ್ನು ಕಾಪಾಡಿದ ದಪ್ಪನೆಯ ಲೋಹದ ಗೋಡೆಗೆ. ಎರಡೂ ಸಲ್ಲತಕ್ಕವೇ. ಆದರೆ ಬೆಳಕಿಲ್ಲದೆ, ಮಾತಿಲ್ಲದೆ, ಚಲನೆಯಿಲ್ಲದೆ ಉಕ್ಕಿನ ಗೋಲದೊಳಗೆ ಕುಳಿತವನು ಸಂಶೋಧಕನಲ್ಲ, ಸೆರೆಯಾಳು. ಬೆಳಕು, ಮಾತು, ಚಲನೆ ಈ ಮೂರನ್ನೂ ಅವನಿಗೆ ಒದಗಿಸುವುದು ವಿದ್ಯುಚ್ಛಕ್ತಿ. ವಿದ್ಯುಚ್ಛಕ್ತಿಗೆ ತಂತಿ ಬೇಕು. ತಂತಿಯು ಒಳಗಿನಿಂದ ಹೊರಕ್ಕೆ ಹಾಯಬೇಕಾದರೆ ಆ ಗೋಡೆಯಲ್ಲಿ ಒಂದು ರಂಧ್ರವನ್ನು ಕೊರೆಯಲೇ ಬೇಕು. ನೀರನ್ನು ಹೊರಗಿಡುವುದಕ್ಕಾಗಿ ಕಟ್ಟಿದ ಕೋಟೆಗೆ ಕಟ್ಟಿದವರೇ ಕಿಂಡಿ ಮಾಡಬೇಕಾದ ಈ ಇಕ್ಕಟ್ಟಿನಿಂದ ಆಳಗಡಲಿನ ವಿದ್ಯುತ್ ಎಂಜಿನಿಯರರ ವೃತ್ತಿಯು ಹುಟ್ಟಿತು. ಆ ಕಿಂಡಿಯನ್ನು ಕಾಯುವ ಬಗೆಯನ್ನು ಅವರು ಹೇಗೆ ಕಲಿತರು, ಕಲಿಯುವಾಗ ಏನೇನು ಬೆಲೆ ತೆರಬೇಕಾಯಿತು ಎಂಬುದು ತಿಳಿಯತಕ್ಕ ಚರಿತ್ರೆ.

ಕಡಲಿನ ಗುಣ

ಭೂಮಿಯ ಮೇಲೆ ವಾಸಿಸುವವರ ತಲೆಯ ಮೇಲೆ ಒಂದು ವಾತಾವರಣದ ಭಾರವಿರುವುದಷ್ಟೆ. ಸಮುದ್ರದಲ್ಲಿ ಹತ್ತು ಹತ್ತು ಮೀಟರು ಇಳಿದ ಹಾಗೆಲ್ಲ ಇನ್ನೊಂದೊಂದು ವಾತಾವರಣದಷ್ಟು ಒತ್ತಡವು ಅದಕ್ಕೆ ಕೂಡುತ್ತ ಹೋಗುತ್ತದೆ. ಪೆಸಿಫಿಕ್ ಮಹಾಸಾಗರದ ಮರಿಯಾನಾ ಕಂದಕದ ತಳದಲ್ಲಿ, ಎಂದರೆ ಸುಮಾರು ೧೦,೯೦೦ ಮೀಟರು ಆಳದಲ್ಲಿ, ಅದು ಸಾವಿರ ವಾತಾವರಣಗಳನ್ನು ಮೀರುತ್ತದೆ. ಹೆಬ್ಬೆಟ್ಟಿನ ಗುರುತು ಬೀಳುವಷ್ಟು ಜಾಗದ ಮೇಲೆ, ಒಂದು ಚದರ ಅಂಗುಲದ ಮೇಲೆ, ಏಳು ಟನ್ನಿಗೂ ಮಿಗಿಲಾದ ಭಾರವು ಅಲ್ಲಿ ಬೀಳುತ್ತದೆ. ಗಾಳಿಯಿಂದ ತುಂಬಿದ ಯಾವ ಎಡೆಯಾದರೂ ಸರಿ, ಅದು ಮನುಷ್ಯನು ಕುಳಿತ ಗೋಲವಾಗಿರಲಿ, ಗೋಧಿಯ ಕಾಳಿನಷ್ಟು ಚಿಕ್ಕದಾದ ವಿದ್ಯುದುಪಕರಣದ ಟೊಳ್ಳಾಗಿರಲಿ, ಸಮುದ್ರವು ಅದನ್ನು ಹುಡುಕಿ ಹಿಸುಕುವುದು.

ಒತ್ತಡವೊಂದೇ ಅಲ್ಲ, ಉಪ್ಪೂ ಉಂಟು. ಶುದ್ಧವಾದ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದು. ಉಪ್ಪು ಬೆರೆತ ನೀರಾದರೋ ವಿದ್ಯುತ್ತಿಗೆ ಒಳ್ಳೆಯ ದಾರಿಯಾಗುತ್ತದೆ. ಆದ್ದರಿಂದ ಕೂದಲೆಳೆಯಷ್ಟು ಬಿರುಕಿನಲ್ಲಿ ಒಂದು ಹನಿಯು ತಂತಿಯನ್ನು ಮುಟ್ಟಿದರೂ ಸಾಕು, ಶಕ್ತಿಯು ದೀಪಕ್ಕೆ ಹೋಗುವುದನ್ನು ಬಿಟ್ಟು ಕಡಲಿಗೆ ಹೋಗುತ್ತದೆ. ಅಷ್ಟೇ ಅಲ್ಲದೆ, ವಿದ್ಯುತ್ತು ಹರಿಯುವೆಡೆಯಲ್ಲಿ ಉಪ್ಪುನೀರು ಲೋಹವನ್ನು ಬೇಗನೆ ತಿಂದುಹಾಕುತ್ತದೆ. ಸಾವಿರ ಮೀಟರಿನಿಂದ ಕೆಳಗೆ ಸೂರ್ಯನ ಬೆಳಕಿಲ್ಲ. ಭೂಮಿಯ ಮೇಲೆ ಸಾವಿರಾರು ಮೈಲಿ ಸಂಚರಿಸುವ ರೇಡಿಯೋ ಅಲೆಗಳು ಉಪ್ಪುನೀರಿನಲ್ಲಿ ಸ್ವಲ್ಪ ದೂರದಲ್ಲಿಯೇ ಅಡಗಿಹೋಗುತ್ತವೆ. ಹೀಗೆ ವಿದ್ಯುತ್ತು ಎಲ್ಲಿ ಅತ್ಯಂತ ಅವಶ್ಯವೋ ಅಲ್ಲಿಯೇ ಅದಕ್ಕೆ ಪರಮ ವೈರಿಗಳು ಸುತ್ತುಗಟ್ಟಿ ನಿಂತಿರುವರು.

ತಂತಿಯ ಮೊದಲ ಪಾಠ

ಮನುಷ್ಯನು ಇಳಿಯುವುದಕ್ಕೆ ಮೊದಲು ತಂತಿಯು ತಾನೊಂದೇ ಕಡಲಿಗೆ ಇಳಿಯಿತು. ೧೮೫೦ರಲ್ಲಿ ಇಂಗ್ಲೆಂಡಿನ ಡೋವರಿಗೂ ಫ್ರಾನ್ಸಿನ ತೀರಕ್ಕೂ ನಡುವೆ, ಗಟ್ಟಾಪರ್ಚಾ ಎಂಬ ಮರದ ಅಂಟನ್ನು ಹೊದಿಸಿದ ತಾಮ್ರದ ತಂತಿಯನ್ನು ಹಾಕಿದರು. ಅದು ಬಹು ಬೇಗನೆ ಕಡಿದುಹೋಯಿತು. ಮರುವರ್ಷ ಕಬ್ಬಿಣದ ಕವಚವನ್ನು ತೊಡಿಸಿ ಹಾಕಿದುದು ನಿಂತಿತು. ೧೮೫೮ರಲ್ಲಿ ಅಟ್ಲಾಂಟಿಕ್ ಸಾಗರದ ತಳದ ಮೇಲೆ ಹಾಸಿದ ತಂತಿಯ ಗತಿ ಬೇರೆಯಾಯಿತು. ಸಂಕೇತಗಳು ಮಂದವಾಗಿ ಬರುತ್ತಿದ್ದುದನ್ನು ಕಂಡು, ಅದರ ವಿದ್ಯುತ್ತಿನ ಮೇಲ್ವಿಚಾರಕರಾಗಿದ್ದ ವೈಲ್ಡ್‌ಮನ್ ವೈಟ್‌ಹೌಸರು ಸುಮಾರು ಎರಡು ಸಾವಿರ ವೋಲ್ಟುಗಳ ಬಲವನ್ನು ಪ್ರಯೋಗಿಸಿದರು. ಮೊದಲೇ ದುರ್ಬಲವಾಗಿದ್ದ ತಂತಿಯು ಕೆಲವು ವಾರಗಳಲ್ಲಿಯೇ ಮೂಕವಾಯಿತು. ಬಲವನ್ನು ಹೆಚ್ಚಿಸುವುದಲ್ಲ, ಅತ್ಯಲ್ಪ ವಿದ್ಯುತ್ತನ್ನೂ ಗುರುತಿಸಬಲ್ಲ ಸೂಕ್ಷ್ಮವಾದ ಉಪಕರಣವನ್ನು ಬಳಸುವುದೇ ಸರಿಯಾದ ಮಾರ್ಗವೆಂದು ವಿಲಿಯಂ ತಾಮ್ಸನ್ನರು ಸಾಧಿಸಿ ತೋರಿಸಿದರು. ಮುಂದೆ ಲಾರ್ಡ್ ಕೆಲ್ವಿನ್ನರೆಂದು ಪ್ರಸಿದ್ಧರಾದವರು ಇವರೇ. ೧೮೬೬ರಲ್ಲಿ ಅಟ್ಲಾಂಟಿಕ್ ತಂತಿಯು ಸ್ಥಿರವಾಗಿ ಮಾತನಾಡತೊಡಗಿತು. ೧೮೭೦ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ಮಹಾನೌಕೆಯು ಮುಂಬಯಿಯಿಂದ ಏಡನ್ನಿನ ಕಡೆಗೆ ಅಂತಹ ತಂತಿಯನ್ನು ಹಾಸಿದಾಗ ಹಿಂದೂಸ್ಥಾನದ ಪಶ್ಚಿಮ ತೀರಕ್ಕೂ ಕಡಲೊಳಗಿನ ಈ ವಿದ್ಯೆ ತಲುಪಿತು.

ಬಲದಿಂದ ಕಡಲನ್ನು ಗೆಲ್ಲಲಾಗದು, ನಯದಿಂದ ಅದರೊಡನೆ ಹೊಂದಿಕೊಳ್ಳಬೇಕೆಂಬ ಪಾಠವನ್ನು ಅಟ್ಲಾಂಟಿಕ್ ತಂತಿಯು ಕಲಿಸಿತ್ತು. ಮನುಷ್ಯನು ತಾನೇ ಇಳಿಯಲು ಹೊರಟಾಗ ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಬರ್ಮುಡಾದ ಗೋಲ

೧೯೩೦ರ ಬೇಸಗೆಯಲ್ಲಿ, ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪಗಳ ಬಳಿಯಲ್ಲಿ, ಜೀವವಿಜ್ಞಾನಿಗಳಾದ ವಿಲಿಯಂ ಬೀಬಿಯವರೂ ಒಟಿಸ್ ಬಾರ್ಟನ್ನರೂ ಬ್ಯಾಥಿಸ್ಫಿಯರ್ ಎಂಬ ಉಕ್ಕಿನ ಗೋಲದೊಳಗೆ ಕುಳಿತು ಕಡಲಿಗಿಳಿದರು. ಗೋಲದ ಅಡ್ಡಳತೆ ಐದು ಅಡಿಗೂ ಕಡಮೆ. ಇಬ್ಬರು ಕಾಲು ಮಡಚಿ ಕುಳಿತರೆ ಮೂರನೆಯವನಿಗೆ ಎಡೆಯಿಲ್ಲ. ಕಿಟಕಿಗಳು ಮೂರು ಅಂಗುಲ ದಪ್ಪದ ಸ್ಫಟಿಕಶಿಲೆಯವು. ಉಸಿರಾಟಕ್ಕೆ ಆಮ್ಲಜನಕದ ಕೊಳವೆಗಳಿದ್ದವು. ಒಳಗಿನ ಗಾಳಿಯನ್ನು ಆಡಿಸುವುದಕ್ಕೆ ತಾಳೆಗರಿಯ ಬೀಸಣಿಗೆಯನ್ನು ಹಿಡಿದುಕೊಂಡಿದ್ದರು. ಉಕ್ಕಿನ ಹಗ್ಗವೊಂದು ಗೋಲವನ್ನು ಹಡಗಿನಿಂದ ತೂಗಹಾಕಿತ್ತು. ಅದರ ಜೊತೆಯಲ್ಲಿ ರಬ್ಬರಿನ ಕೊಳವೆಯೊಂದು ಇಳಿಯುತ್ತಿತ್ತು. ಅದರೊಳಗೆ ನಾಲ್ಕೇ ತಂತಿಗಳು: ಎರಡು ದೀಪಕ್ಕೆ, ಎರಡು ಟೆಲಿಫೋನಿಗೆ. ಗೋಲದ ನೆತ್ತಿಯಲ್ಲಿ, ಸುತ್ತಲೂ ಬಿಗಿಯಾಗಿ ಮೆತ್ತೆ ತುರುಕಿದ ಒಂದು ರಂಧ್ರದ ಮೂಲಕ ಅದು ಒಳಹೊಗುತ್ತಿತ್ತು. ಆಳಗಡಲಿನ ವಿದ್ಯುತ್ ಎಂಜಿನಿಯರರು ಕಾದ ಮೊದಲ ಕಿಂಡಿ ಇದು.

ಅದು ಎಷ್ಟು ಚಂಚಲವಾದುದೆಂಬುದು ಬಹು ಬೇಗನೆ ಗೊತ್ತಾಯಿತು. ಯಾರೂ ಒಳಗಿಲ್ಲದೆ ಗೋಲವನ್ನು ಇಳಿಸಿ ಪರೀಕ್ಷಿಸಿದಾಗ, ರಬ್ಬರಿನ ಕೊಳವೆಯು ಉಕ್ಕಿನ ಹಗ್ಗಕ್ಕೆ ನಲವತ್ತೈದು ಸುತ್ತು ಹೆಣೆದುಕೊಂಡು ಮೇಲೆ ಬಂದಿತು. ಜೂನ್ ೬ರಂದು ಮನುಷ್ಯರು ಮೊದಲ ಬಾರಿಗೆ ಇಳಿದಾಗ, ಮುನ್ನೂರು ಅಡಿಯಲ್ಲಿ ಬಾಗಿಲಿನ ಬುಡದಿಂದ ನೀರು ಜಿನುಗತೊಡಗಿತು. ಆರುನೂರು ಅಡಿಯಲ್ಲಿ ದೀಪದ ಸ್ವಿಚ್ಚಿನಿಂದ ಕಿಡಿಗಳು ಹಾರಿದವು. ಒಳಗೆ ಆಮ್ಲಜನಕ, ಕೈಯಳತೆಯಲ್ಲಿ ಕಿಡಿ! ಆ ಇಳಿತವು ೮೦೩ ಅಡಿಗೆ ನಿಂತಿತು. ಇನ್ನೊಂದು ಸಲ ಟೆಲಿಫೋನು ಕೆಟ್ಟು, ಮೇಲಿನವರ ಧ್ವನಿಯು ನಡುವೆಯೇ ನಿಂತುಹೋಯಿತು. ಹಗ್ಗವು ಗಟ್ಟಿಯಾಗಿತ್ತು, ಗಾಳಿಯು ಸಾಕಷ್ಟಿತ್ತು, ಅಪಾಯವು ಏನೂ ಹೆಚ್ಚಿರಲಿಲ್ಲ. ಆದರೂ ಆ ಮೌನವು ಒಳಗಿದ್ದವರನ್ನು ಒತ್ತಡಕ್ಕಿಂತ ಹೆಚ್ಚಾಗಿ ನಡುಗಿಸಿತು. ಲೋಕಕ್ಕೂ ಅವರಿಗೂ ಇದ್ದ ಸಂಬಂಧವು ಹಗ್ಗದಲ್ಲಿರಲಿಲ್ಲ, ಎರಡು ಎಳೆಯ ತಾಮ್ರದಲ್ಲಿತ್ತೆಂಬುದು ಆಗ ಮನವರಿಕೆಯಾಯಿತು.

ಅದೇ ತಾಮ್ರದ ಎಳೆಗಳು ಲೋಕಕ್ಕೆ ಬೇರೊಂದು ಉಪಕಾರವನ್ನೂ ಮಾಡಿದವು. ಬೀಬಿಯವರು ಕಿಟಕಿಯಲ್ಲಿ ಕಂಡ ಮೀನುಗಳನ್ನೂ, ಜೀವಿಗಳ ಮೈಬೆಳಕನ್ನೂ, ನೀಲಿಯು ಕರಿದಾಗುವ ಬಗೆಯನ್ನೂ ಕಂಡಂತೆ ಹೇಳುತ್ತ ಹೋಗುವರು. ಹಡಗಿನ ಮೇಲೆ ಗ್ಲೋರಿಯಾ ಹಾಲಿಸ್ಟರ್ ಎಂಬ ವಿದುಷಿಯು ಟೆಲಿಫೋನನ್ನು ಕಿವಿಗಿಟ್ಟುಕೊಂಡು ಅದನ್ನೆಲ್ಲ ಬರೆದುಕೊಳ್ಳುವಳು. ೧೯೩೨ರ ಸೆಪ್ಟೆಂಬರಿನಲ್ಲಿ ಆ ಮಾತುಗಳನ್ನು ರೇಡಿಯೋ ಮೂಲಕ ಪ್ರಸಾರ ಮಾಡಲಾಗಿ, ಮನೆಗಳಲ್ಲಿ ಕುಳಿತ ಜನರು ಕಡಲಾಳದ ವರ್ತಮಾನವನ್ನು ಆ ಕ್ಷಣದಲ್ಲಿಯೇ ಕೇಳಿದರು. ಅದೇ ವರ್ಷ, ಬರಿದಾದ ಗೋಲವನ್ನು ಮೂರು ಸಾವಿರ ಅಡಿಗೆ ಇಳಿಸಿ ಮೇಲೆತ್ತಿದಾಗ ಕಿಟಕಿಯೊಂದರ ಬಳಿ ಸೋರಿ ಒಳಗೆಲ್ಲ ನೀರು ತುಂಬಿತ್ತು. ಬಾಗಿಲಿನ ನಡುವಣ ತಿರುಪನ್ನು ಸಡಿಲಿಸುತ್ತಲೇ ಅದು ಗುಂಡಿನಂತೆ ಹಾರಿ, ದೂರದಲ್ಲಿದ್ದ ಯಂತ್ರದ ಉಕ್ಕಿನಲ್ಲಿ ಕಚ್ಚು ಮಾಡಿತು. ಒಳಗೆ ಮನುಷ್ಯರಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ೧೯೩೪ರ ಆಗಸ್ಟ್ ೧೫ರಂದು ಅವರಿಬ್ಬರು ೩,೦೨೮ ಅಡಿಗಳವರೆಗೆ ಇಳಿದು ಕ್ಷೇಮವಾಗಿ ಬಂದರು.

ಶಕ್ತಿ ಹೋದರೂ ಕಾಯುವ ಯುಕ್ತಿ

ಹಗ್ಗದಿಂದ ತೂಗುವ ಗೋಲವು ಹಗ್ಗವಿರುವಷ್ಟೇ ಇಳಿಯಬಲ್ಲುದು. ಬೆಲೂನುಗಳಲ್ಲಿ ಆಕಾಶಕ್ಕೇರಿ ಪ್ರಸಿದ್ಧರಾಗಿದ್ದ ಸ್ವಿಟ್ಜರ್ಲೆಂಡಿನ ಆಗಸ್ಟ್ ಪಿಕಾರ್ ಎಂಬ ಭೌತವಿಜ್ಞಾನಿಗಳು ಹಗ್ಗವನ್ನೇ ತೊರೆದರು. ನೀರಿಗಿಂತ ಹಗುರವಾದ ಪೆಟ್ರೋಲನ್ನು ತುಂಬಿದ ದೊಡ್ಡ ತೊಟ್ಟಿ, ಅದರ ಕೆಳಗೆ ಮನುಷ್ಯರ ಗೋಲ, ಇಳಿಯುವುದಕ್ಕೆ ಕಬ್ಬಿಣದ ಗುಂಡುಗಳ ಹೇರು: ಇದು ಅವರ ಬ್ಯಾಥಿಸ್ಕೇಫ್. ಇಳಿಯುವುದು ಸುಲಭ, ಮೇಲೇಳುವುದು ಹೇಗೆ? ಕಬ್ಬಿಣದ ಗುಂಡುಗಳನ್ನು ಬಿಟ್ಟುಬಿಡಬೇಕು. ಬಿಡುವ ಬಾಗಿಲು ತುಕ್ಕು ಹಿಡಿದರೆ, ವಿದ್ಯುತ್ತು ನಿಂತುಹೋದರೆ, ಗತಿಯೇನು?

ಪಿಕಾರರ ಉತ್ತರವು ಸರಳವೂ ಸೊಗಸೂ ಆಗಿತ್ತು. ಗುಂಡುಗಳನ್ನು ತುಂಬಿದ ಗುಡಾಣಗಳ ಕೊರಳಿಗೆ ಬಾಗಿಲನ್ನೇ ಇಡದೆ, ಅಲ್ಲಿ ವಿದ್ಯುತ್ಕಾಂತವನ್ನು ಸುತ್ತಿದರು. ವಿದ್ಯುತ್ತು ಹರಿಯುವವರೆಗೆ ಗುಂಡುಗಳು ಒಂದಕ್ಕೊಂದು ಅಂಟಿ ಬಿರಟೆಯಂತೆ ನಿಲ್ಲುವುವು; ವಿದ್ಯುತ್ತು ನಿಂತ ಕ್ಷಣವೇ ಧಾನ್ಯದಂತೆ ಸುರಿದುಹೋಗುವುವು. ಬ್ಯಾಟರಿಯು ಬರಿದಾದರೂ, ತಂತಿಯು ಕಡಿದರೂ, ಒಳಗಿನವರಿಗೆ ಎಚ್ಚರ ತಪ್ಪಿದರೂ, ನೌಕೆಯು ಮೇಲಕ್ಕೇ ಏಳಬೇಕು. ಶಕ್ತಿಯು ಇರುವಾಗ ಕೆಲಸ ಮಾಡುವ ಯಂತ್ರವನ್ನು ಅನೇಕರು ರಚಿಸಬಲ್ಲರು. ಶಕ್ತಿಯು ಇಲ್ಲವಾದಾಗಲೂ ಕಾಯುವ ಯಂತ್ರವನ್ನು ಯೋಚಿಸುವುದು ಆಳಗಡಲಿನ ಎಂಜಿನಿಯರರ ಪ್ರಥಮ ಧರ್ಮವಾಗಿ ನಿಂತಿತು.

ಪಿಕಾರರು ಇಟಲಿಯಲ್ಲಿ ಕಟ್ಟಿಸಿ ೧೯೫೩ರಲ್ಲಿ ನೀರಿಗಿಳಿಸಿದ ಟ್ರಿಯೆಸ್ಟೆ ಎಂಬ ನೌಕೆಯನ್ನು ೧೯೫೮ರಲ್ಲಿ ಅಮೆರಿಕದ ನೌಕಾಬಲವು ಕೊಂಡಿತು. ೧೯೬೦ರ ಜನವರಿ ೨೩ರಂದು ಪಿಕಾರರ ಮಗ ಜಾಕ್ ಪಿಕಾರರೂ ನೌಕಾಧಿಕಾರಿ ಡಾನ್ ವಾಲ್ಷರೂ ಅದರಲ್ಲಿ ಕುಳಿತು ಮರಿಯಾನಾ ಕಂದಕದ ತಳವನ್ನು ಮುಟ್ಟಿದರು. ಇಳಿಯುವುದಕ್ಕೆ ಐದು ಗಂಟೆಗಳಿಗೆ ಸ್ವಲ್ಪ ಕಡಮೆ ಹಿಡಿಯಿತು. ತಳದಲ್ಲಿ ಇದ್ದುದು ಇಪ್ಪತ್ತು ನಿಮಿಷ. ತಂತಿಯಿಲ್ಲದ ಅಷ್ಟು ಆಳದಿಂದ ಮಾತನಾಡುವುದಕ್ಕೆ ವಿದ್ಯುತ್ತನ್ನು ಶಬ್ದವಾಗಿ ಮಾರ್ಪಡಿಸಿ ನೀರಿನ ಮೂಲಕವೇ ಕಳುಹಿಸಿದರು. ಒಂದೊಂದು ನುಡಿಯೂ ಮೇಲಣ ಹಡಗನ್ನು ತಲುಪುವುದಕ್ಕೆ ಸುಮಾರು ಏಳು ಸೆಕೆಂಡುಗಳು ಬೇಕಾದವು. ವಿದ್ಯುತ್ಕಾಂತಗಳ ಶಕ್ತಿಯನ್ನು ನಿಲ್ಲಿಸಿದಾಗ ಗುಂಡುಗಳು ಸುರಿದವು. ನೌಕೆಯು ಮೇಲೆದ್ದು ಬಂದಿತು.

ಥ್ರೆಷರ್ ನೌಕೆಯ ದುರಂತ

ಮೂರು ವರ್ಷಗಳ ತರುವಾಯ ಸಮುದ್ರವು ಕಠೋರವಾದ ಪಾಠವೊಂದನ್ನು ಕಲಿಸಿತು. ೧೯೬೩ರ ಏಪ್ರಿಲ್ ೧೦ರಂದು ಅಮೆರಿಕದ ಪೂರ್ವತೀರದಾಚೆ, ಥ್ರೆಷರ್ ಎಂಬ ಜಲಾಂತರ್ಗಾಮಿ ಯುದ್ಧನೌಕೆಯು ಪರೀಕ್ಷೆಗಾಗಿ ಮುಳುಗಿ ಮತ್ತೆ ಏಳಲಿಲ್ಲ. ೧೨೯ ಜನರು ಮಡಿದರು. ಅದು ಸಂಶೋಧನಾನೌಕೆಯಲ್ಲವಾದರೂ ಅದರ ನಾಶದ ಕಾರಣವು ಈ ಚರಿತ್ರೆಗೆ ಸೇರಿದುದು. ವಿಚಾರಣೆ ನಡೆಸಿದವರ ಅಭಿಪ್ರಾಯದಲ್ಲಿ ಹೆಚ್ಚು ಸಂಭವನೀಯವಾದುದು ಇಷ್ಟು: ಯಂತ್ರಶಾಲೆಯಲ್ಲಿ ನೀರಿನ ಕೊಳವೆಯ ಒಂದು ಬೆಸುಗೆ ಬಿಟ್ಟಿತು, ರಭಸದಿಂದ ಚಿಮ್ಮಿದ ಉಪ್ಪುನೀರು ವಿದ್ಯುತ್ತಿನ ಹಲಗೆಗಳ ಮೇಲೆ ಬಿದ್ದಿತು, ಅದರಿಂದ ಪರಮಾಣುಯಂತ್ರವು ತಾನಾಗಿ ನಿಂತಿತು, ನೌಕೆಯನ್ನು ಮೇಲಕ್ಕೆ ನೂಕುವ ಶಕ್ತಿಯು ಬೇಕಾದ ಗಳಿಗೆಯಲ್ಲಿ ಇಲ್ಲವಾಯಿತು. ಪಿಕಾರರ ನೌಕೆಯಲ್ಲಿ ಶಕ್ತಿಯ ಲೋಪವು ರಕ್ಷಣೆಯಾಗಿ ಪರಿಣಮಿಸುವಂತಿತ್ತು. ಇಲ್ಲಿ ಅದೇ ಲೋಪವು ಮೃತ್ಯುವಾಯಿತು.

ಅವಶೇಷಗಳನ್ನು ಹುಡುಕುವುದಕ್ಕೆ ಆ ವರ್ಷದ ಆಗಸ್ಟಿನಲ್ಲಿ ಇಳಿದುದೂ ಟ್ರಿಯೆಸ್ಟೆಯೇ. ಅಂದಿನಿಂದ ಅಮೆರಿಕದ ನೌಕಾಬಲವು ಕಟ್ಟುನಿಟ್ಟಾದ ವಿಧಿಗಳನ್ನು ಮಾಡಿತು. ನೀರಿಗೂ ನೌಕೆಯ ಒಳಕ್ಕೂ ನಡುವೆ ಇರುವ ಪ್ರತಿಯೊಂದು ಬೆಸುಗೆ, ತಿರುಪು, ಕೀಲು ಇವುಗಳ ಹುಟ್ಟಿನಿಂದ ಮೊದಲ್ಗೊಂಡು ಪೂರ್ತಿ ವೃತ್ತಾಂತವು ಬರೆಹದಲ್ಲಿರಬೇಕು. ಬರೆಹವಿಲ್ಲದ ಭಾಗವು ಎಷ್ಟು ಚೆನ್ನಾಗಿ ಕಂಡರೂ ಕಡಲಿಗೆ ಸಲ್ಲದು.

ನೀರಿನೊಡನೆ ಸಂಧಿ

ಇದೇ ಕಾಲದಲ್ಲಿ, ೧೯೬೪ರ ಜೂನ್ ೫ರಂದು, ಅಮೆರಿಕದ ವುಡ್ಸ್‌ಹೋಲ್ ಎಂಬ ಊರಿನ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಆಲ್ವಿನ್ ಎಂಬ ಪುಟ್ಟ ನೌಕೆಯು ಸೇವೆಗೆ ನಿಂತಿತು. ಅಲಿನ್ ವೈನ್ ಎಂಬ ವಿಜ್ಞಾನಿಯ ಹೆಸರಿನಿಂದ ಅದಕ್ಕೆ ಆ ನಾಮಕರಣವಾಯಿತು. ಟ್ರಿಯೆಸ್ಟೆಯು ಬಿದ್ದಲ್ಲಿ ಬಿದ್ದಿರುವ ಮಹಾಕಾಯ. ಆಲ್ವಿನ್ ಬೇಕಾದ ಕಡೆಗೆ ತಿರುಗಬಲ್ಲ, ಕೈಚಾಚಿ ಕಲ್ಲನ್ನೆತ್ತಬಲ್ಲ ಲಘುಕಾಯ. ಅದಕ್ಕೆ ಮೋಟಾರುಗಳು ಬೇಕು. ಮೋಟಾರುಗಳಿಗೆ ಭಾರವಾದ ಸೀಸದ ಬ್ಯಾಟರಿಗಳು ಬೇಕು. ಮೂವರಿಗೇ ಇಕ್ಕಟ್ಟಾದ ಗೋಲದೊಳಗೆ ಇವಕ್ಕೆಲ್ಲ ಎಡೆಯಿಲ್ಲ. ಹೊರಗಿಟ್ಟು ಒಂದೊಂದಕ್ಕೂ ದಪ್ಪ ಉಕ್ಕಿನ ಪೆಟ್ಟಿಗೆ ಮಾಡಿದರೆ ಆ ಭಾರಕ್ಕೆ ನೌಕೆಯು ತೇಲಲಾರದು.

ಇಲ್ಲಿಯೇ ವಿದ್ಯುತ್ ಎಂಜಿನಿಯರರ ವಿಚಾರವು ತಿರುವನ್ನು ಪಡೆಯಿತು. ಒತ್ತಡವು ಕೆಡಿಸುವುದು ವಸ್ತುವನ್ನಲ್ಲ, ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸವು ಅದನ್ನು ಕೆಡಿಸುತ್ತದೆ. ಪೆಟ್ಟಿಗೆಯೊಳಗಿನ ಗಾಳಿಯನ್ನೆಲ್ಲ ತೆಗೆದು, ವಿದ್ಯುತ್ತನ್ನು ಹರಿಯಗೊಡದ ಎಣ್ಣೆಯನ್ನು ತುಂಬಿ, ಒಂದು ಪಕ್ಕದಲ್ಲಿ ಬಾಗುವ ರಬ್ಬರಿನ ಚೀಲವನ್ನಿಟ್ಟರೆ, ಹೊರಗೆ ಒತ್ತಡ ಏರಿದಷ್ಟೂ ಒಳಗೂ ಏರುವುದು. ಎರಡೂ ಸಮವಾದ ಮೇಲೆ ಪೆಟ್ಟಿಗೆಯ ಗೋಡೆಯು ತೆಳ್ಳಗಿದ್ದರೂ ಬಾಧೆಯಿಲ್ಲ. ಬ್ಯಾಟರಿಯಲ್ಲಿಯೂ ಹೀಗೆಯೇ: ಸೀಸದ ಹಲಗೆಗಳನ್ನು ಮುಳುಗಿಸಿದ ಆಮ್ಲದ ಮೇಲೆ ಗಾಳಿಯ ಬದಲು ಎಣ್ಣೆಯು ತೇಲಿ ನಿಲ್ಲುತ್ತದೆ; ಶಕ್ತಿ ತುಂಬುವಾಗ ಹುಟ್ಟುವ ಅನಿಲವು ಹೊರಬೀಳುವುದಕ್ಕೆ ದಾರಿಯನ್ನು ಬಿಟ್ಟಿರುತ್ತಾರೆ. ಕೋಟೆಯನ್ನು ಕಟ್ಟಿ ಕಾದಾಡುವುದನ್ನು ಬಿಟ್ಟು, ವೈರಿಯನ್ನು ಬಾಗಿಲವರೆಗೆ ಬರಗೊಟ್ಟು ಸಂಧಿ ಮಾಡಿಕೊಂಡಂತಾಯಿತು. ಮನುಷ್ಯನಿರುವ ಗೋಲವೊಂದಕ್ಕೇ ಈ ಸಂಧಿಯು ಸಲ್ಲದು, ಏಕೆಂದರೆ ಮನುಷ್ಯನಿಗೆ ಗಾಳಿ ಬೇಕು.

ಸಂಧಿಯಿಂದ ಯುದ್ಧವೇನೋ ನಿಂತಿತು. ಕಿಂಡಿಯನ್ನು ಕಾಯುವುದು ತಪ್ಪಲಿಲ್ಲ. ಹೊರಗಣ ಬ್ಯಾಟರಿಯ ಶಕ್ತಿಯು ಒಳಕ್ಕೆ ಬರಬೇಕು. ಒಳಗಣ ಚಾಲಕನ ಆಜ್ಞೆಯು ಹೊರಕ್ಕೆ ಹೋಗಬೇಕು. ಗೋಡೆಯ ರಂಧ್ರವನ್ನು ಶಂಕುವಿನಾಕಾರದಲ್ಲಿ, ಹೊರಗೆ ಅಗಲವಾಗಿಯೂ ಒಳಗೆ ಕಿರಿದಾಗಿಯೂ ಕೊರೆದು, ತಂತಿಗಳನ್ನು ಹುದುಗಿಸಿದ ಲೋಹದ ಬಿರಟೆಯನ್ನು ಅದಕ್ಕೆ ಕೂಡಿಸಿದರೆ, ನೀರು ಒತ್ತಿದಷ್ಟೂ ಬಿರಟೆಯು ಬಿಗಿಯಾಗುವುದು. ಕೀಲುಗಳ ನಡುವೆ ಕೂರಿಸುವುದು ರಬ್ಬರಿನ ಚಿಕ್ಕ ಬಳೆ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲಸಿದ ನೀಲ್ಸ್ ಕ್ರಿಸ್ಟೆನ್ಸನ್ನರಿಗೆ ೧೯೩೯ರಲ್ಲಿ ಹಕ್ಕುಪತ್ರ ದೊರೆತ ಈ ಬಳೆಯು ಕೆಲವು ಕಾಸಿನ ವಸ್ತು. ಅದರ ಮೇಲೆ ಒಂದು ಕೂದಲೆಳೆ ಬಿದ್ದಿದ್ದರೂ ನೀರಿಗೆ ಅದೇ ದಾರಿ.

ಕಾಣದ ಸೋರಿಕೆ

ಆಲ್ವಿನ್ ನಂತಹ ನೌಕೆಗಳಲ್ಲಿ ವಿದ್ಯುತ್ತಿನ ಎರಡು ತಂತಿಗಳಲ್ಲಿ ಯಾವುದನ್ನೂ ನೌಕೆಯ ಮೈಗೆ ಸೇರಿಸಿರುವುದಿಲ್ಲ. ಒಂದು ತಂತಿಯು ಎಲ್ಲಿಯೋ ನೀರನ್ನು ಮುಟ್ಟಿದರೆ ಒಡನೆಯೇ ಏನೂ ಆಗದು. ದೀಪವು ಉರಿಯುತ್ತಲೇ ಇರುವುದು, ಮೋಟಾರು ತಿರುಗುತ್ತಲೇ ಇರುವುದು. ಎರಡನೆಯ ತಂತಿಯೂ ಮುಟ್ಟಿದಾಗ ಮಾತ್ರ ನೀರಿನ ಮೂಲಕ ದಾರಿಯು ಪೂರ್ಣವಾಗಿ ಅನಾಹುತವಾಗುತ್ತದೆ. ಆದ್ದರಿಂದ ಮೊದಲನೆಯ ಸೋರಿಕೆಯನ್ನು, ಅದು ಇನ್ನೂ ನಿರುಪದ್ರವಿಯಾಗಿರುವಾಗಲೇ, ಕಂಡುಹಿಡಿಯುವ ಮಾಪಕವೊಂದನ್ನು ಚಾಲಕನ ಕಣ್ಣೆದುರಿಗೆ ಇಟ್ಟಿರುತ್ತಾರೆ. ರೋಗವು ನೋವಾಗಿ ಕಾಣಿಸಿಕೊಳ್ಳುವುದಕ್ಕೆ ಮೊದಲೇ ನಾಡಿಯಲ್ಲಿ ಅದನ್ನು ತಿಳಿಯುವ ವೈದ್ಯನ ಕೆಲಸದಂತೆಯೇ ಇದು.

ನೌಕೆಯು ದಿನವಿಡೀ ಕಡಲಲ್ಲಿದ್ದು ಸಂಜೆ ತಾಯಿಹಡಗಿಗೆ ಬಂದ ಮೇಲೆ ವಿಜ್ಞಾನಿಗಳು ತಂದ ಕಲ್ಲುಗಳ ಸುತ್ತ ನೆರೆಯುವರು. ಎಂಜಿನಿಯರರು ನೌಕೆಯ ಸುತ್ತ ನೆರೆಯುವರು. ರಾತ್ರಿಯೆಲ್ಲ ಬ್ಯಾಟರಿಗಳಿಗೆ ಶಕ್ತಿಯನ್ನು ತುಂಬಬೇಕು, ಎಣ್ಣೆಯನ್ನು ನೋಡಬೇಕು, ಕೀಲುಗಳನ್ನು ಬಿಚ್ಚಿ, ಒರೆಸಿ, ಬಳೆಗಳನ್ನು ಬೆರಳಿನಿಂದ ತಡವಿ ಪರೀಕ್ಷಿಸಿ ಮತ್ತೆ ಕೂಡಿಸಬೇಕು. ವುಡ್ಸ್‌ಹೋಲಿನಲ್ಲಿ ಒಂದು ಉತ್ತಮವಾದ ಸಂಪ್ರದಾಯವುಂಟು: ಆಲ್ವಿನ್ ನೌಕೆಯ ಚಾಲಕರಾಗುವವರು ಅದನ್ನು ಬಿಚ್ಚಿ ದುರಸ್ತು ಮಾಡುವ ಕೆಲಸಗಾರರೇ. ರಾತ್ರಿ ಕೀಲನ್ನು ಬಿಗಿದ ಗುಂಪಿನವನೇ ಹಗಲು ಆ ಕೀಲನ್ನು ನಂಬಿ ಇಳಿಯುತ್ತಾನೆ. ಕೆಲಸದ ಶುದ್ಧಿಗೆ ಇದಕ್ಕಿಂತ ಬಲವಾದ ಜಾಮೀನನ್ನು ಯಾವ ಕಾನೂನೂ ಕೊಡಲಾರದು.

ಈ ಎಚ್ಚರದ ಫಲವು ವಿಜ್ಞಾನಕ್ಕೆ ದೊರೆಯಿತು. ೧೯೭೭ರಲ್ಲಿ ಗಲಾಪಗೋಸ್ ದ್ವೀಪಗಳ ಬಳಿ, ಹಡಗಿನಿಂದ ಎಳೆಯುತ್ತಿದ್ದ ಯಂತ್ರವೊಂದರ ಶಾಖಮಾಪಕವು ತಳದ ನೀರಿನಲ್ಲಿ ಕ್ಷಣಕಾಲ ಬೆಚ್ಚನೆಯ ಗುರುತನ್ನು ತೋರಿಸಿತು. ಆ ಗುರುತನ್ನು ಹಿಡಿದು ಸುಮಾರು ೨,೫೦೦ ಮೀಟರಿಗೆ ಇಳಿದ ಆಲ್ವಿನ್ನಿನ ದೀಪದಲ್ಲಿ, ಸೂರ್ಯನನ್ನೇ ಅರಿಯದೆ, ಭೂಗರ್ಭದಿಂದ ಚಿಮ್ಮುವ ರ‍ಾಸಾಯನಿಕಗಳನ್ನು ನಂಬಿ ಬದುಕುವ ಜೀವಿಗಳ ಸಮುದಾಯವು ಕಂಡಿತು. ಜೀವಕ್ಕೆಲ್ಲ ಸೂರ್ಯನೇ ಮೂಲವೆಂಬ ನಂಬಿಕೆಯು ಅಂದಿನಿಂದ ತಿದ್ದುಪಡಿಯನ್ನು ಪಡೆಯಿತು. ೧೯೭೯ರಲ್ಲಿ ಮೆಕ್ಸಿಕೋ ದೇಶದ ಪಶ್ಚಿಮದ ಕಡಲಲ್ಲಿ ಕಪ್ಪು ಹೊಗೆಯಂತೆ ನೀರುಗುಳುವ ಕಲ್ಲಿನ ಕೊಳವೆಗಳು ಸಿಕ್ಕಿದವು. ಚಾಲಕನು ಶಾಖಮಾಪಕವನ್ನು ಒಳಗಿಟ್ಟಾಗ ಅಂಕವು ಅಳತೆಯನ್ನು ಮೀರಿಹೋಯಿತು. ಮೇಲೆ ಬಂದು ನೋಡಿದರೆ ಅದರ ಪ್ಲಾಸ್ಟಿಕ್ ತುದಿಯು ಕರಗಿತ್ತು. ಹೊಸ ಮಾಪಕವನ್ನು ಮಾಡಿ ಅಳೆದಾಗ ನೀರಿನ ಶಾಖವು ಸುಮಾರು ೩೫೦ ಡಿಗ್ರಿ ಸೆಂಟಿಗ್ರೇಡ್ ಎಂದು ತಿಳಿಯಿತು. ಒತ್ತಡದ ಕಾರಣದಿಂದ ಅದು ಆ ಶಾಖದಲ್ಲಿಯೂ ಕುದಿಯದೆ ಇತ್ತು.

ಬ್ಯಾಟರಿಗಳೂ ಕಾಲಕ್ರಮದಲ್ಲಿ ಬದಲಾದವು. ೧೯೮೯ರಲ್ಲಿ ನೀರಿಗಿಳಿದ ಜಪಾನಿನ ಶಿಂಕಾಯ್ ೬೫೦೦ ನೌಕೆಯಲ್ಲಿ ಮೊದಲಿಗೆ ಬೆಳ್ಳಿ-ಸತುವಿನ ಬ್ಯಾಟರಿಗಳಿದ್ದು, ೨೦೦೪ರಲ್ಲಿ ಲಿಥಿಯಂ ಬ್ಯಾಟರಿಗಳು ಅವುಗಳ ಸ್ಥಾನಕ್ಕೆ ಬಂದವು. ೨೦೧೨ರ ಮಾರ್ಚ್ ೨೬ರಂದು ಜೇಮ್ಸ್ ಕ್ಯಾಮೆರಾನರು ಒಬ್ಬರೇ ಮರಿಯಾನಾ ಕಂದಕದ ತಳಕ್ಕೆ ಹೋದಾಗ, ಬಲಪಕ್ಕದ ನೂಕುಯಂತ್ರಗಳೆಲ್ಲ ಅಲ್ಲಿಯೇ ಕೆಟ್ಟು ಕೆಲಸವನ್ನು ಅರ್ಧಕ್ಕೆ ಬಿಡಬೇಕಾಯಿತು. ಆದರೆ ಅವರ ನೌಕೆಯ ಉಕ್ಕಿನ ಹೇರನ್ನು ಹಿಡಿದಿದ್ದುದು ವಿದ್ಯುತ್ಕಾಂತ. ಪಿಕಾರರ ಯುಕ್ತಿಯೇ ಅಲ್ಲಿಯೂ ಇದ್ದಿತು. ಅದೂ ತಪ್ಪಿದರೆ, ಉಪ್ಪುನೀರಿನಲ್ಲಿ ಕೆಲವು ಗಂಟೆಗಳಲ್ಲಿ ತಾನಾಗಿ ಸವೆದು ಕಡಿಯುವ ತಂತಿಯೊಂದು ಹೇರನ್ನು ಬಿಡುವಂತೆ ಏರ್ಪಾಡಾಗಿತ್ತು. ಲೋಹವನ್ನು ತಿನ್ನುವ ಕಡಲಿನ ದುರ್ಗುಣವನ್ನೇ ಪ್ರಾಣರಕ್ಷಣೆಗೆ ತಿರುಗಿಸಿದ ಜಾಣ್ಮೆಯಿದು.

ಮಾಪಕದ ಮಾತು

ವಿದ್ಯೆಯು ಬೆಳೆದ ಮಾತ್ರಕ್ಕೆ ವಿವೇಕವೂ ಬೆಳೆಯುವುದೆಂಬ ನಿಯಮವಿಲ್ಲ. ೨೦೨೩ರ ಜೂನ್ ೧೮ರಂದು ಉತ್ತರ ಅಟ್ಲಾಂಟಿಕ್ಕಿನಲ್ಲಿ, ಟೈಟಾನಿಕ್ ಹಡಗಿನ ಅವಶೇಷವನ್ನು ನೋಡಲು ಇಳಿಯುತ್ತಿದ್ದ ಟೈಟನ್ ಎಂಬ ನೌಕೆಯು ಕುಸಿದು ಐವರು ಮಡಿದರು. ಅದರ ಒಡಲು ಉಕ್ಕಿನದೂ ಅಲ್ಲ, ಪೂರ್ತಿ ಟೈಟೇನಿಯಮ್ಮಿನದೂ ಅಲ್ಲ. ನಡುಭಾಗವು ಇಂಗಾಲದ ನೂಲಿನಿಂದ ಸುತ್ತಿದುದು. ಅದು ಬಿರಿಯುವ ಸದ್ದನ್ನು ಕೇಳುವುದಕ್ಕೂ, ಅದರ ಬಾಗನ್ನು ಅಳೆಯುವುದಕ್ಕೂ ವಿದ್ಯುತ್ತಿನ ಉಪಕರಣಗಳನ್ನು ಅಳವಡಿಸಿದ್ದರು. ೨೦೨೨ರ ಜುಲೈ ತಿಂಗಳಿನ ಒಂದು ಇಳಿತದ ಕೊನೆಯಲ್ಲಿ ಜೋರಾದ ಸದ್ದು ಕೇಳಿಬಂದಿತು. ಅದರ ಮುಂದಿನ ಇಳಿತಗಳಲ್ಲಿ ಮಾಪಕದ ಅಂಕಗಳು ಮೊದಲಿನಂತೆ ಇರಲಿಲ್ಲ. ಆ ಅಂಕಗಳನ್ನು ಓದಿ ನೌಕೆಯನ್ನು ನಿಲ್ಲಿಸುವ ಕೆಲಸವು ನಡೆಯಲಿಲ್ಲವೆಂದು ಅನಂತರದ ಸರ್ಕಾರೀ ವಿಚಾರಣೆಗಳು ಎತ್ತಿ ತೋರಿಸಿದವು. ತಂತಿಯು ತನ್ನ ಕೆಲಸವನ್ನು ಮಾಡಿತು. ಅದರ ಮಾತನ್ನು ಕೇಳಬೇಕಾದವರು ಕೇಳಲಿಲ್ಲ. ಬೀಬಿಯವರ ಕಾಲದಲ್ಲಿ ಟೆಲಿಫೋನಿನ ಮೌನವು ಭಯವನ್ನು ಹುಟ್ಟಿಸಿತ್ತು. ತೊಂಬತ್ತೆರಡು ವರ್ಷಗಳ ಮೇಲೆ ಮಾಪಕಗಳು ಮಾತನಾಡಿದರೂ ಭಯವು ಹುಟ್ಟಲಿಲ್ಲ.

ಭಾರತದ ಪ್ರಯತ್ನ

ಹಿಂದೂಮಹಾಸಾಗರದ ನಡುಭಾಗದಲ್ಲಿ ಲೋಹಯುಕ್ತವಾದ ಗುಂಡುಕಲ್ಲುಗಳು ಹರಡಿದ ೭೫,೦೦೦ ಚದರ ಕಿಲೋಮೀಟರು ಪ್ರದೇಶವನ್ನು ಶೋಧಿಸುವ ಅಧಿಕಾರವನ್ನು ಭಾರತವು ಪಡೆದಿದೆ. ೧೯೯೩ರಲ್ಲಿ ಚೆನ್ನೈಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ರಚಿಸಿದ, ಮನುಷ್ಯರಿಲ್ಲದ ರೋಸಬ್ ೬೦೦೦ ಎಂಬ ಯಂತ್ರವು ೨೦೧೦ರಲ್ಲಿ ೫,೨೮೯ ಮೀಟರು ಆಳವನ್ನು ಮುಟ್ಟಿತು. ೨೦೨೧ರಲ್ಲಿ ಸಮುದ್ರಯಾನವೆಂಬ ಯೋಜನೆಯು ಆರಂಭವಾಯಿತು. ಮೂವರನ್ನು ಆರು ಸಾವಿರ ಮೀಟರಿಗೆ ಒಯ್ಯಬೇಕಾದ ಮತ್ಸ್ಯ ೬೦೦೦ ಎಂಬ ನೌಕೆಗೆ ಎಂಬತ್ತು ಮಿಲಿಮೀಟರು ದಪ್ಪದ ಟೈಟೇನಿಯಂ ಗೋಲವನ್ನು ಯೋಜಿಸಲಾಯಿತು. ಸಾಧಾರಣವಾಗಿ ಹನ್ನೆರಡು ಗಂಟೆ, ಆಪತ್ಕಾಲದಲ್ಲಿ ತೊಂಬತ್ತಾರು ಗಂಟೆ ಒಳಗಿನವರನ್ನು ಅದು ಕಾಯಬೇಕು. ೨೦೨೫ರ ಆರಂಭದಲ್ಲಿ ಚೆನ್ನೈಯ ಬಳಿಯ ಕಾಟ್ಟುಪಳ್ಳಿ ಬಂದರಿನಲ್ಲಿ ಆ ನೌಕೆಯ ನೀರಿನ ಪರೀಕ್ಷೆಗಳು ನಡೆದವು. ಅದೇ ವರ್ಷದ ಆಗಸ್ಟಿನಲ್ಲಿ ಇಬ್ಬರು ಭಾರತೀಯರು ಫ್ರಾನ್ಸಿನ ನಾಟೀಲ್ ನೌಕೆಯಲ್ಲಿ ಅಟ್ಲಾಂಟಿಕ್ಕಿಗೆ ಇಳಿದು, ಅವರಲ್ಲೊಬ್ಬರು ಐದು ಸಾವಿರ ಮೀಟರನ್ನು ದಾಟಿದರು.

ಪ್ರಳಯಜಲದಲ್ಲಿ ನೌಕೆಯನ್ನು ಎಳೆದು ದಡ ಸೇರಿಸಿದ ಪುರಾಣದ ಮತ್ಸ್ಯನ ಹೆಸರನ್ನು ಈ ನೌಕೆಗೆ ಇಟ್ಟಿರುವುದು ಉಚಿತವಾಗಿದೆ. ಆದರೆ ಅಂದಿನ ಮತ್ಸ್ಯನು ದೇವರು; ಇಂದಿನದನ್ನು ಕಾಯಬೇಕಾದವರು ಮನುಷ್ಯರು. ನೌಕೆಯು ಇಳಿಯುವ ದಿನ ಎಲ್ಲರ ಕಣ್ಣುಗಳೂ ಗೋಲದೊಳಗೆ ಕುಳಿತ ಮೂವರ ಮೇಲೆ ಇರುವುವು. ಹಿಂದಿನ ರಾತ್ರಿ ದೀಪದ ಬೆಳಕಿನಲ್ಲಿ ರಬ್ಬರಿನ ಬಳೆಯೊಂದನ್ನು ಬೆರಳ ತುದಿಯಿಂದ ತಡವಿ, ಒಂದು ಕೂದಲೆಳೆಯೂ ಇಲ್ಲವೆಂದು ಖಚಿತ ಮಾಡಿಕೊಂಡು, ಕೀಲನ್ನು ಮುಚ್ಚಿದವರ ಹೆಸರು ಪತ್ರಿಕೆಗಳಲ್ಲಿ ಬರಲಾರದು. ಆ ಮೂವರಾದರೋ ಅವರ ಹೆಸರುಗಳನ್ನು ಬಲ್ಲರು.